ಹೆಸರು ಫೋಟೊದೊಳಗೇ ಇರಲಿ

ಅಜ್ಜಿ ತೀರಿಕೊಳ್ಳುವ ವರ್ಷ, ಸ್ಕ್ಯಾನ್ ಮಾಡಿದ ಹಳೇ ಆಲ್ಬಮ್ ತೋರಿಸಿದ್ದೆ. ಅವರು ಒಬ್ಬೊಬ್ಬರ ಹೆಸರು ಹೇಳ್ತಾ ಹೋದರು, ನಾನು ಆ್ಯಪ್‌ನಲ್ಲೇ ಟೈಪ್ ಮಾಡಿಕೊಂಡೆ. ಹಳೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಮಾರಿದ ಮೇಲೆ ಗೊತ್ತಾಯ್ತು: ಫೋಟೊಗಳಷ್ಟೇ ಕಾಪಿ ಆಗಿದ್ದವು. ಹೆಸರುಗಳಿದ್ದದ್ದು ಆ್ಯಪ್‌ನ ಡೇಟಾಬೇಸಿನಲ್ಲಿ. ಸಾಫ್ಟ್‌ವೇರ್ ಇಂಜಿನಿಯರ್ ಅಂತ ಬೇರೆ ಹೇಳ್ಕೋತೀನಿ!

ಈ ಸಲ ಫಿಲ್ಟರ್ ನೋಡಿ ಮರುಳಾಗಲಿಲ್ಲ. ಉಚಿತವಾಗಿ ಸಿಗುವ ಡಿಜಿಕ್ಯಾಮ್ ಆರಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾ ಆಯ್ಕೆ ಆನ್ ಇದ್ದರೆ ಹೆಸರು, ಟಿಪ್ಪಣಿ ಜೆಪಿಜಿ ಫೈಲಿನೊಳಗೇ ಸೇರುತ್ತವೆ. ನೀವೂ ಯಾವುದೇ ಸಾಫ್ಟ್‌ವೇರ್ ಆರಿಸಿ, ಮೊದಲು 10 ಫೋಟೊಗೆ ಹೆಸರು ಹಾಕಿ, ಬೇರೊಂದರಲ್ಲಿ ತೆರೆದು ನೋಡಿ. ಆಮೇಲೆ ನಂಬಿ.

ಭಾನುವಾರ ಅಮ್ಮನ ಪಕ್ಕ ಕೂತು ಮತ್ತೆ ಶುರು ಮಾಡಿದೆ. ಮೂರನೇ ಫೋಟೊಗೇ ಅಮ್ಮ ತಡೆದಳು: "ಇವರ್ಯಾರೋ... ಅಜ್ಜಿಗೆ ಗೊತ್ತಿತ್ತು ಕಣೋ."