ಬಲಿಯ ಒಪ್ಪಿಗೆ

ಗೂಢಪಂಥಗಳನ್ನು ಕುರಿತ ಭೀತಿಚಿತ್ರಗಳಲ್ಲಿ ಮುಖವಾಡ, ನಡುರಾತ್ರಿಯ ಮಂತ್ರ, ರಕ್ತ ಇವೆಲ್ಲ ವಾಡಿಕೆಯ ಸಾಮಗ್ರಿಗಳು. ಈ ಪ್ರಕಾರದ ಉತ್ತಮ ಕೃತಿಗಳಲ್ಲಿ ಇವುಗಳಿಗಿಂತ ಹೆಚ್ಚು ಕಂಗೆಡಿಸುವ ಅಂಶವೊಂದಿದೆ. ಬಲಿಯಾಗುವವರ ಸಮ್ಮತಿಯನ್ನು ಮೊದಲು ಪಡೆದು, ಕೊಲೆಯ ಕಳಂಕವನ್ನು ತೊಳೆದುಕೊಳ್ಳಲು ಪಂಥವು ನಡೆಸುವ ಹವಣಿಕೆ ಅದು.

1943ರಲ್ಲಿ ವಾಲ್ ಲ್ಯೂಟನ್ ನಿರ್ಮಿಸಿ, ಮಾರ್ಕ್ ರಾಬ್ಸನ್ ನಿರ್ದೇಶಿಸಿದ ‘ದಿ ಸೆವೆಂತ್ ವಿಕ್ಟಿಮ್’ ಇದಕ್ಕೆ ಹಳೆಯ ನಿದರ್ಶನ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಸೈತಾನನ ಆರಾಧಕರ ಗುಂಪೊಂದಿದೆ. ಅವರು ಸಭ್ಯರು, ಒಳ್ಳೆಯ ಉಡುಪಿನವರು. ಹಿಂಸೆ ಮಾಡಕೂಡದೆಂಬುದು ಅವರ ವ್ರತ. ಗುಟ್ಟು ಬಯಲು ಮಾಡಿದವರು ಸಾಯಲೇಬೇಕೆಂಬುದೂ ಅವರದೇ ಕಟ್ಟಳೆ. ಈ ಎರಡನ್ನೂ ಒಟ್ಟಿಗೆ ಪಾಲಿಸಲು ಅವರು ಕಂಡುಕೊಂಡ ದಾರಿ ಸರಳವಾದದ್ದು. ಜಾಕ್ವೆಲಿನ್ ಎಂಬಾಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ವಿಷದ ಲೋಟವಿಟ್ಟು, ಕುಡಿಯೆಂದು ಗಂಟೆಗಟ್ಟಲೆ ಒತ್ತಾಯಿಸುತ್ತಾರೆ. ಯಾರೂ ಕೈ ಎತ್ತುವುದಿಲ್ಲ. ಕೊನೆಗೆ ಅವಳು ಲೋಟವನ್ನು ತುಟಿಯ ಬಳಿ ತಂದಾಗ, ಗುಂಪಿನವಳೇ ಆದ ಗೆಳತಿಯೊಬ್ಬಳು ಅದನ್ನು ತಟ್ಟಿ ಕೆಡವಿ ಅಳುತ್ತಾಳೆ. ಎಪ್ಪತ್ತು ನಿಮಿಷ ದಾಟುತ್ತಲೇ ಮುಗಿದುಹೋಗುವ ಈ ಚಿತ್ರದಲ್ಲಿ ರಾಕ್ಷಸನೂ ಇಲ್ಲ, ಮಾಟವೂ ಇಲ್ಲ. ಆ ಒಂದು ಕೋಣೆ ಸಾಕು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ನೆನಪಾಗದಿರದು. ಜೀವಬಲಿ ಒಲ್ಲೆನೆಂದ ಯಶೋಧರನು ತಾಯಿಯ ಮಾತಿಗೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಜೀವವಿಲ್ಲದ ಆ ಹುಂಜ ಕೂಗುತ್ತದೆ. ಕೈಯಿಂದ ಕೊಲ್ಲದೆ ಸಂಕಲ್ಪದಿಂದ ಕೊಂದವನಿಗೆ ಜನ್ನ ವಿನಾಯಿತಿ ಕೊಡಲಿಲ್ಲ, ಭವಭವಗಳಲ್ಲಿ ಅಲೆಸಿದ. ಲ್ಯೂಟನ್ನನ ಚಿತ್ರಕ್ಕೂ ಈ ಕಾವ್ಯಕ್ಕೂ ಸಂಬಂಧ ಕಲ್ಪಿಸುವುದು ಸಲ್ಲದು. ಆದರೂ ಎರಡೂ ಹಿಡಿದದ್ದು ಒಂದೇ ಆತ್ಮವಂಚನೆಯನ್ನು.

ಈ ಪ್ರಕಾರದ ಮೇರುಕೃತಿಯೆಂದು ಪರಿಗಣಿತವಾದ ‘ದಿ ವಿಕರ್ ಮ್ಯಾನ್’ (1973) ಇನ್ನೂ ಜಾಣತನದ್ದು. ಆಂಥನಿ ಶಾಫರ್ ಬರೆದು ರಾಬಿನ್ ಹಾರ್ಡಿ ನಿರ್ದೇಶಿಸಿದ ಇದರಲ್ಲಿ, ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸಾರ್ಜೆಂಟ್ ಹೋವಿ ಎಂಬ ನಿಷ್ಠಾವಂತ ಕ್ರೈಸ್ತ ಪೊಲೀಸ್ ಅಧಿಕಾರಿ ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಬರುತ್ತಾನೆ. ಅಲ್ಲಿಯವರು ಹಳೆಯ ದೇವತೆಗಳ ಆರಾಧಕರು. ಹಿಂದಿನ ವರ್ಷ ಸೇಬಿನ ಫಸಲು ಕೈಕೊಟ್ಟಿದೆ. ಬಲಿಗೆ ಬೇಕಾದವನು ಬ್ರಹ್ಮಚಾರಿಯಾಗಿರಬೇಕು, ರಾಜಾಧಿಕಾರದ ಪ್ರತಿನಿಧಿಯಾಗಿರಬೇಕು, ಸ್ವಇಚ್ಛೆಯಿಂದ ಬಂದಿರಬೇಕು. ಹೋವಿಯನ್ನು ಕರೆತಂದದ್ದು ಸುಳ್ಳು ಪತ್ರ; ಹಾಗಿದ್ದರೂ ‘ತಾನಾಗಿಯೇ ಬಂದ’ ಎಂಬ ನಿಬಂಧನೆ ಅವರ ಲೆಕ್ಕದಲ್ಲಿ ಪೂರೈಸಿದಂತೆ. ಅವನ ಸಂಯಮವೇ ಅವನನ್ನು ಬಲಿಪೀಠಕ್ಕೆ ಯೋಗ್ಯನನ್ನಾಗಿಸುತ್ತದೆ. ಈ ವ್ಯಂಗ್ಯ ಚಿತ್ರದ ಜೀವಾಳ. (ವಸಂತದ ಈ ಕಥೆಯನ್ನು ಚಿತ್ರೀಕರಿಸಿದ್ದು 1972ರ ಶರತ್ಕಾಲದಲ್ಲಿ, ಮರಗಳಿಗೆ ಕೃತಕ ಹೂಗಳನ್ನು ಕಟ್ಟಬೇಕಾಯಿತು. ಫಸಲಿಲ್ಲದ ದ್ವೀಪಕ್ಕೆ ಅದು ಒಪ್ಪುವಂತಹದೇ.)

ಬೆತ್ತದ ಬೃಹತ್ ಪ್ರತಿಮೆಯೊಳಗೆ ಮನುಷ್ಯರನ್ನು ತುಂಬಿ ಸುಡುತ್ತಿದ್ದರೆಂಬ ವರ್ಣನೆ ಜೂಲಿಯಸ್ ಸೀಸರನ ಗಾಲ್ ಯುದ್ಧದ ವೃತ್ತಾಂತದಲ್ಲಿದೆ. ಗೆದ್ದವನು ಸೋತವರ ಬಗ್ಗೆ ಬರೆದ ಮಾತನ್ನು ಸಂಶೋಧಕರು ಎಚ್ಚರದಿಂದಲೇ ಓದಬೇಕು. ಚಿತ್ರವೂ ಈ ಎಚ್ಚರವನ್ನು ಒಳಗಿಟ್ಟುಕೊಂಡಿದೆ: ದ್ವೀಪದ ‘ಪುರಾತನ’ ಧರ್ಮವನ್ನು ಮತ್ತೆ ಎಬ್ಬಿಸಿದವನು ಲಾರ್ಡ್ ಸಮ್ಮರೈಲನ ಅಜ್ಜ. ಹೊಸ ಹಣ್ಣಿನ ತಳಿಗಳೊಂದಿಗೆ ಬಂದ ಆ ವಿಕ್ಟೋರಿಯಾ ಕಾಲದ ವಿಜ್ಞಾನಿಗೆ ಅದು ಜನರನ್ನು ದುಡಿಮೆಗೆ ಹುರಿದುಂಬಿಸುವ ಉಪಾಯವಾಗಿತ್ತು. ಮುಂದಿನ ವರ್ಷವೂ ಬೆಳೆ ಬಾರದಿದ್ದರೆ ಜನ ನಿನ್ನನ್ನೇ ಸುಡುತ್ತಾರೆ ಎಂದು ಹೋವಿ ಪಾಳೆಯಗಾರನಿಗೆ ಹೇಳುವಾಗ, ಕ್ರಿಸ್ಟೋಫರ್ ಲೀ ಮುಖದಲ್ಲಿ ಸುಳಿಯುವ ಭಾವ ಗಮನಾರ್ಹ.

ಐದು ವರ್ಷಗಳ ಬಳಿಕ, 1978ರ ನವೆಂಬರ್ 18ರಂದು, ಗಯಾನಾದ ಜೋನ್ಸ್‌ಟೌನ್‌ನಲ್ಲಿ ಜಿಮ್ ಜೋನ್ಸ್‌ನ ಅನುಯಾಯಿಗಳು 900ಕ್ಕೂ ಹೆಚ್ಚು ಮಂದಿ ಸತ್ತರು. ಅದನ್ನು ಇಂದಿಗೂ ಹಲವರು ‘ಸಾಮೂಹಿಕ ಆತ್ಮಹತ್ಯೆ’ ಎನ್ನುತ್ತಾರೆ. ಸತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳು. ಸುತ್ತ ಬಂದೂಕು ಹಿಡಿದವರಿದ್ದರು. ಬೇರೆ ದಾರಿಯಿಲ್ಲವೇ ಎಂದು ಎದ್ದುನಿಂತು ಕೇಳಿದ ಮಹಿಳೆಯೊಬ್ಬಳ ದನಿ, ಅವಳನ್ನು ಅಡಗಿಸಿದ ಗುಂಪಿನ ಗದ್ದಲ, ಎರಡೂ ಆ ದಿನದ ಧ್ವನಿಮುದ್ರಿಕೆಯಲ್ಲಿ ಉಳಿದಿವೆ. ‘ಆತ್ಮಹತ್ಯೆ’ ಎಂಬ ಪದವನ್ನು ಬಳಸುವವರು ಪಂಥದ ಪರವಾಗಿಯೇ ಸಾಕ್ಷಿ ನುಡಿದಂತಾಗುತ್ತದೆ. ಈ ಘಟನೆಯನ್ನೇ ಆಧರಿಸಿದ ‘ದಿ ಸ್ಯಾಕ್ರಮೆಂಟ್’ (2013) ಯಥಾವತ್ತಾಗಿದ್ದೂ ಸಪ್ಪೆ.

ಆರಿ ಆಸ್ಟರ್‌ನ ‘ಮಿಡ್‌ಸಾಮರ್’ (2019) ಈ ಎಳೆಯನ್ನು ಮತ್ತೆ ಕೈಗೆತ್ತಿಕೊಂಡಿದೆ. ಎಪ್ಪತ್ತೆರಡು ತುಂಬಿದ ಹಿರಿಯರು ಬಂಡೆಯಿಂದ ಹಾರುತ್ತಾರೆ. ಬಿದ್ದೂ ಸಾಯದವನಿಗಾಗಿ ಕೊಡತಿಯೊಂದು ಮೊದಲೇ ಸಿದ್ಧವಿದೆ. ಕಡೆಯಲ್ಲಿ ಪಂಥದ ಇಬ್ಬರು ತಾವಾಗಿಯೇ ಬಲಿಗೆ ಒಪ್ಪಿ, ಹೊತ್ತಿಸಲಿರುವ ಗುಡಿಯೊಳಗೆ ಕೂರುತ್ತಾರೆ. ನೋವು ತಿಳಿಯದೆಂದು ಅವರ ಬಾಯಿಗೆ ಮರದ ರಸವನ್ನು ಇಡಲಾಗುತ್ತದೆ. ಬೆಂಕಿ ಮೈಗೆ ತಗುಲಿದಾಗ ಅವರಲ್ಲೊಬ್ಬ ಚೀರುತ್ತಾನೆ.