ಕಾರಿನ ಉಸಿರು, ಹುಡುಗನ ಲೆಕ್ಕ

ಕಾರು ಪೆಟ್ರೋಲು ಕುಡಿದು ಓಡುತ್ತದೆ ಎನ್ನುವುದು ಅರ್ಧ ಸತ್ಯ. ತಕ್ಕಡಿಯಲ್ಲಿಟ್ಟು ನೋಡಿದರೆ ಅದು ಕುಡಿಯುವುದಕ್ಕಿಂತ ಉಸಿರಾಡುವುದೇ ಹೆಚ್ಚು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದಷ್ಟು. ಅದಕ್ಕೆ ಬೇಕಾಗುವ ಗಾಳಿ ಹತ್ತಿರ ಹತ್ತಿರ 11 ಕಿಲೋ, ಅಂದರೆ 9,000 ಲೀಟರಿಗೂ ಮೇಲೆ. ಬಂಕಿನಲ್ಲಿ ಪೆಟ್ರೋಲಿನ ಪೈಸೆ ಪೈಸೆಯನ್ನೂ ದಿಟ್ಟಿಸಿ ನೋಡುವ ನಾವು ಗಾಳಿಯ ಗೊಡವೆಗೆ ಹೋಗುವುದಿಲ್ಲ. ಅದಕ್ಕೆ ಬಿಲ್ಲಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ.

ಆದರೆ ಇಪ್ಪತ್ತರ ಹರೆಯದ ಕೆಲವು ಹುಡುಗರನ್ನು ಈ ಗಾಳಿಯ ಲೆಕ್ಕ ಹಿಡಿದುಕೊಂಡುಬಿಡುತ್ತದೆ. ಅದರಲ್ಲೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದು, ಮನೆಯ ಮುಂದೆ ಒಂದು ‘ಹಾಟ್ ಹ್ಯಾಚ್’ ನಿಂತಿದ್ದರೆ ಕೇಳುವುದೇ ಬೇಡ. ಹಿಂಬಾಗಿಲು ಮೇಲಕ್ಕೆ ತೆರೆಯುವ ಸಣ್ಣ ಕಾರಿಗೆ ಅದರ ಮೈಗೆ ಮೀರಿದ ಇಂಜಿನ್ನನ್ನು ಕೂರಿಸಿದರೆ ಅದೇ ಹಾಟ್ ಹ್ಯಾಚ್. ಫೋಕ್ಸ್‌ವ್ಯಾಗನ್ ಕಂಪನಿ 1975ರ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ 110 ಅಶ್ವಶಕ್ತಿಯ ಗಾಲ್ಫ್ ಜಿಟಿಐ ಕಾರನ್ನು ತೋರಿಸಿದಾಗ ಮಾಡಬೇಕೆಂದಿದ್ದದ್ದು 5,000 ಕಾರುಗಳನ್ನು ಮಾತ್ರ. ಜನ ಮುಗಿಬಿದ್ದ ಪರಿಗೆ ಆ ಲೆಕ್ಕ ಎಲ್ಲೋ ಹಾರಿಹೋಯಿತು. ನಮ್ಮಲ್ಲಿ ಅಂಥ ರುಚಿ ಹತ್ತಿಸಿದ ಮೊದಲಿಗರಲ್ಲಿ ಒಂದು, 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6. ಹದಿನಾರು ವಾಲ್ವುಗಳು, 100 ಅಶ್ವಶಕ್ತಿ. ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಮೊದಲು ಕೇಳುವ ದೇಶದಲ್ಲಿ ಆ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಕಾರು ಅದು.

ಮೈಸೂರಿನ ಒಂದು ಮನೆಯಲ್ಲಿ ಅಂಥದೊಂದು ಪಾಲಿಯೊ ಇನ್ನೂ ಇದೆ. ಅಪ್ಪ ಬ್ಯಾಂಕ್ ಸಾಲ ಮಾಡಿ 2002ರಲ್ಲಿ ಕೊಂಡದ್ದು. ಮಗ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ; ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ. ಹಾಗಾಗಿ ಅಮ್ಮನ ಬಾಯಲ್ಲಿ ಅದು ‘ಹಿರೀ ಮಗ’. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓ ತಪಾಸಣೆಗೆ ನಿಂತು ನೋಂದಣಿ ನವೀಕರಿಸಿಕೊಂಡಿದೆ. ಐದು ವರ್ಷಕ್ಕೊಮ್ಮೆ ಮತ್ತೆ ನಿಲ್ಲಬೇಕು. ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳೇ ಆಗಿರುವುದರಿಂದ ಒಂದು ಸಣ್ಣ ಭಾಗ ಬೇಕೆಂದರೂ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು.

ಎರಡನೇ ಮಗನಿಗೆ ಹಿರಿಯಣ್ಣನ ಉಸಿರು ಕಟ್ಟಿದೆ ಎಂಬ ಅನುಮಾನ. 1.6 ಲೀಟರಿನ ಇಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ಎದೆ ತುಂಬ ಉಸಿರೆಳೆದರೆ, ನಿಮಿಷಕ್ಕೆ 4,800 ಲೀಟರ್ ಗಾಳಿ ಒಳಗೆ ಹೋಗಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಎಳೆದುಕೊಳ್ಳುವುದು ಆರರಿಂದ ಎಂಟು ಲೀಟರ್. ಅಂದರೆ ಒಂದು ಸಭಾಂಗಣದಲ್ಲಿ ಕೂತ ಆರುನೂರು ಮಂದಿಯ ಉಸಿರು, ಕಾಗದದ ಒಂದು ಫಿಲ್ಟರು ದಾಟಿ, ಒಂದು ಪ್ಲಾಸ್ಟಿಕ್ ಡಬ್ಬಿಯ ಮೂಲಕ ಹೋಗಬೇಕು! ಆ ಡಬ್ಬಿ ತೆಗೆದು, ಅಗಲವಾದ ಕೊಳವೆಯ ತುದಿಗೆ ಬಟ್ಟೆ-ಜಾಲರಿಯ ಶಂಕುವಿನಾಕಾರದ ತೆರೆದ ಫಿಲ್ಟರು ಕೂರಿಸಿದರೆ ಇಂಜಿನ್ನು ಸಲೀಸಾಗಿ ಉಸಿರಾಡುತ್ತದೆ ಎಂಬುದು ಅವನ ವಾದ. ಅಕ್ಕಪಕ್ಕದ ಮಕ್ಕಳಿಗೆ ಆರು ತಿಂಗಳು ಗಣಿತ ಹೇಳಿಕೊಟ್ಟು ಕೂಡಿಸಿದ ಹಣದಲ್ಲಿ ಅವನು ಆ ಕಿಟ್ಟನ್ನು ತರಿಸಿಯೇಬಿಟ್ಟ.

ಅಪ್ಪ ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ. ಮೂರು ಷರತ್ತು ಹಾಕಿದರು. ರಸ್ತೆಯಲ್ಲಿ ವೇಗದ ಪರೀಕ್ಷೆ ಕೂಡದು. ಬಿಚ್ಚಿದ ಒಂದೇ ಒಂದು ಸ್ಕ್ರೂ ಕಳೆಯಕೂಡದು. ಮೂರನೆಯದೇ ಗಟ್ಟಿ ಷರತ್ತು: “ಜೋರಾಗಿ ಓಡ್ತಿದೆ ಅನ್ಸುತ್ತೆ ಅಂತ ಹೇಳ್ಬೇಡ. ಅನ್ಸೋದು ಬೇಡ, ಅಂಕಿ ತಂದು ತೋರ್ಸು.”

ಒಂದು ಭಾನುವಾರ ಬೆಳಿಗ್ಗೆ, ಇಂಜಿನ್ನು ತಣ್ಣಗಿರುವಾಗಲೇ ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ. ಫಿಲ್ಟರಿನ ಡಬ್ಬಿಗೆ ಬಂದಿರುವ ಹೋಸುಗಳ ಕ್ಲಿಪ್ಪುಗಳನ್ನು ಸಡಿಲಿಸುವ ಮುನ್ನ ಯಾವುದು ಎಲ್ಲಿಂದ ಬಂದಿದೆ ಎಂದು ಫೋಟೋ ತೆಗೆದುಕೊಂಡ. ಬಿಚ್ಚಿದ ಸ್ಕ್ರೂಗಳು ಅಮ್ಮನ ಸಾಸಿವೆ ಡಬ್ಬಿಯ ಪುಟ್ಟ ಬಟ್ಟಲುಗಳಲ್ಲಿ ಸರದಿಯ ಪ್ರಕಾರ ಕೂತವು. ಇಂಜಿನ್ನಿನ ಉಸಿರಿನ ಬಾಯಿ ತೆರೆದುಕೊಂಡ ಕೂಡಲೇ ಅದರ ಮೇಲೆ ಒಗೆದ ಬಟ್ಟೆ ಕಟ್ಟಿದ. ಇಡೀ ಕೆಲಸದಲ್ಲಿ ಮರೆಯಬಾರದ ಹೆಜ್ಜೆ ಇದೇ. ಒಂದು ನಟ್ಟು ಆ ಬಾಯೊಳಗೆ ಜಾರಿ ಸಿಲಿಂಡರು ಸೇರಿದರೆ ಪಿಸ್ಟನ್ನು, ವಾಲ್ವು ಎರಡೂ ಹಾಳು.

ಹೊಸ ಕೊಳವೆ ಕೂರಿಸುವಾಗ ಕ್ಲಿಪ್ಪನ್ನು ಮೈಮೇಲೆ ಬಂದವರಂತೆ ಬಿಗಿಯಬಾರದು, ಹೋಸು ಕತ್ತರಿಸಿಹೋಗುತ್ತದೆ. ಸಡಿಲ ಬಿಟ್ಟರೆ ಫಿಲ್ಟರು ದಾಟದ ಕಳ್ಳಗಾಳಿ ಧೂಳಿನ ಸಮೇತ ಒಳನುಗ್ಗುತ್ತದೆ. ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಮುಂದೆ ಇಂಥ ಸೋರಿಕೆಯಾದರೆ ಕಂಪ್ಯೂಟರಿನ ಲೆಕ್ಕವೇ ತಪ್ಪಿ ಚೆಕ್ ಇಂಜಿನ್ ದೀಪ ಹತ್ತಿಕೊಳ್ಳುತ್ತದೆ. ಬಟ್ಟೆಯ ಫಿಲ್ಟರಿಗೆ ಎಣ್ಣೆ ಅತಿಯಾದರೂ ಆ ಸೆನ್ಸರ್ ಕೊಳೆಯಾಗುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲ ಜೋಡಿಸಿ ಆಗಿತ್ತು. ಬಟ್ಟಲುಗಳಲ್ಲಿ ಹಳೆಯ ಸ್ಕ್ರೂಗಳು, ಅಟ್ಟದ ಮೇಲೆ ಹಳೆಯ ಡಬ್ಬಿ.

ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ಕೇಳಿದ ದನಿಗೆ ಹುಡುಗನ ಮುಖ ಅರಳಿತು. ಇಷ್ಟು ದಿನ ಗೊಣಗುತ್ತಿದ್ದ ಕಾರು ಈಗ ಗರ್ಜಿಸುತ್ತಿತ್ತು! ಓಡಿಸಿ ನೋಡಿದ ಗೆಳೆಯರೆಲ್ಲ “ಹತ್ತು ಅಶ್ವಶಕ್ತಿಯಾದರೂ ಏರಿದೆ ಕಣೋ” ಎಂದು ಪ್ರಮಾಣಪತ್ರ ಕೊಟ್ಟರು. ಶಬ್ದದ ಗುಟ್ಟು ಬೇರೆ. ಕಂಪನಿಯ ಡಬ್ಬಿ ಬರೀ ಫಿಲ್ಟರಿನ ಮನೆಯಲ್ಲ. ಅದರ ಒಳಗಿನ ಖಾಲಿ ಜಾಗ ಇಂಜಿನ್ನಿನ ಉಸಿರಿನ ಸದ್ದನ್ನು ನುಂಗುವಂತೆ ಅಳತೆಗೆ ಮಾಡಿದ್ದು. ಡಬ್ಬಿ ಹೋದಾಗ ಸದ್ದು ಬಿಡುಗಡೆಯಾಯಿತು. ಕಿವಿಗೆ ಸದ್ದು ಬಿದ್ದರೆ ಮನಸ್ಸು ಅದನ್ನು ವೇಗ ಎಂದು ಬರೆದುಕೊಂಡುಬಿಡುತ್ತದೆ.

ಆದರೆ ಮೂರನೇ ಷರತ್ತು ಹಾಗೇ ನಿಂತಿತ್ತು. ಹುಡುಗ ಮೀನಿನ ತೊಟ್ಟಿಗೆ ಹಾಕುವ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದ. ತಂತಿಯ ತುದಿಯನ್ನು ಫಿಲ್ಟರಿನ ಮೈಗೆ ಕಟ್ಟಿ, ಬಾನೆಟ್ಟಿನ ಸಂದಿಯಿಂದ ಕಿಟಕಿಯ ಒಳಗೆ ಎಳೆದುಕೊಂಡ. ಅಪ್ಪ ಸ್ಟಿಯರಿಂಗ್ ಹಿಡಿದರು, ಮಗ ಅಂಕಿ ಓದಿದ, ಹಿಂದಿನ ಸೀಟಿನಲ್ಲಿ ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದುಕೊಂಡರು. ಕಾರು ಓಡುತ್ತಿರುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಅಂಕಿ ಏರತೊಡಗಿತು. ಹೊರಗೆ 30 ಡಿಗ್ರಿ ಇದ್ದರೆ ಫಿಲ್ಟರಿನ ಬಳಿ 50 ದಾಟಿತು. ತೆರೆದ ಫಿಲ್ಟರು ಕುಳಿತಿದ್ದುದು ಬಿಸಿ ಇಂಜಿನ್ನಿನ ಮಗ್ಗುಲಲ್ಲೇ; ಅದು ಉಸಿರಾಡುತ್ತಿದ್ದುದು ಒಲೆಯ ಮುಂದಿನ ಗಾಳಿಯನ್ನು.

ಮುಂದಿನ ಲೆಕ್ಕ ಪಿಯುಸಿ ಪುಸ್ತಕದಲ್ಲೇ ಇದೆ. ಒತ್ತಡ ಅಷ್ಟೇ ಇದ್ದರೆ ಗಾಳಿಯ ಸಾಂದ್ರತೆ ಕೆಲ್ವಿನ್ ತಾಪಮಾನಕ್ಕೆ ವಿಲೋಮ. 30 ಡಿಗ್ರಿ ಎಂದರೆ 303 ಕೆಲ್ವಿನ್, 50 ಎಂದರೆ 323. ಭಾಗಿಸಿದರೆ 0.94. ಅಂದರೆ ಅದೇ ಗಾತ್ರದ ಗಾಳಿಯಲ್ಲಿ ಶೇಕಡಾ 6ರಷ್ಟು ಆಮ್ಲಜನಕ ಖೋತಾ. 750 ಮೀಟರಿಗೂ ಎತ್ತರದ ಮೈಸೂರಿನಲ್ಲಿ ಗಾಳಿ ಮೊದಲೇ ಸಮುದ್ರಮಟ್ಟಕ್ಕಿಂತ ಶೇಕಡಾ 7ರಷ್ಟು ತೆಳು. ಅದರ ಮೇಲೆ ಇದು. ಕೊಳವೆ ಅಗಲ ಮಾಡಿ ಗಳಿಸಿದ್ದನ್ನು ಬಿಸಿ ತಿಂದುಹಾಕುತ್ತಿತ್ತು.

ಸೋಲೊಪ್ಪುವ ಜಾಯಮಾನದವನಲ್ಲ ಹುಡುಗ. ಅಲ್ಯೂಮಿನಿಯಂ ತಗಡು ತಂದು, ರಟ್ಟಿನಲ್ಲಿ ಅಳತೆ ಕತ್ತರಿಸಿ, ಫಿಲ್ಟರಿನ ಸುತ್ತ ಗೋಡೆ ಕಟ್ಟಿದ. ಹೆಡ್‌ಲೈಟಿನ ಹಿಂಬದಿಯಿಂದ ತಣ್ಣನೆಯ ಗಾಳಿ ಬರಲು ಒಂದು ಕೊಳವೆ ಎಳೆದ. ಮುಂದಿನ ಭಾನುವಾರ ಅದೇ ಹೊತ್ತು, ಅದೇ ದಾರಿ, ಅದೇ ಹಾಲಿನ ಪುಸ್ತಕ. ಅಂಕಿ ಇಳಿಯಿತು. ಅದರ ಮುಂದಿನ ಭಾನುವಾರ ಅಟ್ಟದಿಂದ ಹಳೆಯ ಡಬ್ಬಿ ಇಳಿಸಿ, ಕೂರಿಸಿ, ಮತ್ತೆ ಅಳೆದರು. ಮೂರೂ ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ತಗಡಿನ ಗೋಡೆಗೂ ಹಳೆಯ ಡಬ್ಬಿಗೂ ಒಂದೆರಡು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಹುಡುಗ ಬಹಳ ಹೊತ್ತು ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸುತ್ತ ಗೋಡೆ, ಹೊರಗಿನ ಗಾಳಿ ತರುವ ಮೂತಿ, ನೀರು ಸುಲಭಕ್ಕೆ ಸಿಗದಷ್ಟು ಎತ್ತರ. ಮೂರು ವಾರ ಒದ್ದಾಡಿ ತಾನು ಕಟ್ಟಿದ್ದು ಇದನ್ನೇ. ಕಾರು ತಯಾರಿಸಿದವರು ಅದನ್ನು ಮೊದಲೇ ಕಟ್ಟಿ ಕೊಟ್ಟಿದ್ದರು. “ಅವರು ಪೆದ್ದರಲ್ಲ ಅಪ್ಪ,” ಎಂದ. ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ಕಟ್ಟಿದ ತಂದೆಗೆ ಇದಕ್ಕಿಂತ ಒಳ್ಳೆಯ ರಸೀತಿ ಸಿಗಲಾರದು.

ಆ ಎತ್ತರದ ಮಹತ್ವ ಗೊತ್ತಾಗುವುದು ಮಳೆಗಾಲದಲ್ಲಿ. ತಣ್ಣನೆಯ ಗಾಳಿಯ ಆಸೆಗೆ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವವರಿದ್ದಾರೆ. ನಿಂತ ನೀರಿಗೆ ಕಾರು ಇಳಿದರೆ ಇಂಜಿನ್ನು ಗಾಳಿಯ ಬದಲು ನೀರನ್ನೇ ಹೀರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಗ ಬಾಗುವುದು ಪಿಸ್ಟನ್ನಿನ ಕನೆಕ್ಟಿಂಗ್ ರಾಡು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಮುಳುಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಕಾಯ್ದೆ ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು ಎಂದಿತು. ಡಬ್ಬಿಯೊಳಗೆ ಅದೇ ಅಳತೆಯ ಹೊಸ ಫಿಲ್ಟರು ಹಾಕಿದರೆ ಯಾರದೂ ತಕರಾರಿಲ್ಲ. ಡಬ್ಬಿಯನ್ನೇ ತೆಗೆದರೆ ತಪಾಸಣೆಯ ದಿನ ವಾದಕ್ಕೆ ಬಾಗಿಲು ತೆರೆದಂತೆ. ಹಿರೀ ಮಗನ ನೋಂದಣಿಯನ್ನು ಪಣಕ್ಕಿಡಲು ಆ ಮನೆಯಲ್ಲಿ ಯಾರೂ ತಯಾರಿರಲಿಲ್ಲ.

ಹಳೆಯ ಡಬ್ಬಿ ಶಾಶ್ವತವಾಗಿ ತನ್ನ ಜಾಗಕ್ಕೆ ಮರಳಿತು. ಮರಳುವಾಗ ಇನ್ನೊಂದು ಸಂಗತಿ ಬಯಲಾಯಿತು: ಒಳಗಿದ್ದ ಕಾಗದದ ಫಿಲ್ಟರು ಕರಿ ಹಿಡಿದ ಬಾಣಲೆಯಂತಿತ್ತು. ಬದಲಿಸಿ ಎಷ್ಟು ವರ್ಷವಾಯಿತೆಂದು ಅಪ್ಪನಿಗೂ ನೆನಪಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಕಂಪ್ಯೂಟರ್ ಇರುವ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಹೋದ ಫಿಲ್ಟರಿನಿಂದ ಮೈಲೇಜು ಹೇಳಿಕೊಳ್ಳುವಷ್ಟು ಕೆಡಲಿಲ್ಲ. ವೇಗ ಹೆಚ್ಚಿಸಿಕೊಳ್ಳುವ ಕಸುವು ಮಾತ್ರ ತಗ್ಗಿತು. ಹುಡುಗ ಹುಡುಕುತ್ತಿದ್ದ ಉಸಿರಿನ ಒಂದು ಪಾಲು, ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರಿನಲ್ಲಿ ಅಡಗಿತ್ತು.

ಮಕ್ಕಳು ಸ್ಪ್ಯಾನರ್ ಹಿಡಿದ ಕೂಡಲೇ ‘ಓದಿಕೋ ಹೋಗು’ ಎನ್ನುವ ಮನೆಗಳೇ ಹೆಚ್ಚು. ಕೇಳಿದ್ದನ್ನೆಲ್ಲ ಕೊಡಿಸಿ, ಆಮೇಲೆ ಏನಾಯಿತೆಂದು ವಿಚಾರಿಸದ ಮನೆಗಳೂ ಇವೆ. ಬಿಚ್ಚಲು ಬಿಟ್ಟು, ಅಳೆಯಲು ಹೇಳಿ, ಅಂಕಿ ಬರುವವರೆಗೆ ಮೂರು ಭಾನುವಾರ ಜೊತೆಗೆ ಕೂರುವುದು ಇವೆರಡರ ನಡುವಿನ ದಾರಿ. ಅದಕ್ಕೆ ಹಣಕ್ಕಿಂತ ಪುರುಸೊತ್ತು ಹೆಚ್ಚು ಬೇಕು.

ಶಂಕುವಿನಾಕಾರದ ಫಿಲ್ಟರು ಈಗ ಹುಡುಗನ ಮೇಜಿನ ಮೇಲೆ ಧೂಳು ಹಿಡಿಯುತ್ತಿದೆ. ಅದು ಮಾಡಬೇಕಾದ ಕೆಲಸವೂ ಅದೇ ಎಂದು ಅಪ್ಪ ನಗುತ್ತಾರೆ. ಥರ್ಮಾಮೀಟರಿಗೆ ಮಾತ್ರ ಬಿಡುವಿಲ್ಲ. ಮೊನ್ನೆ ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಮಿಕ್ಸಿ ಯಾಕೋ ಬಿಸಿಯಾಗ್ತಿದೆ ಕಣೋ, ನಿನ್ನ ಆ ತಂತಿ ತಗೊಂಡು ಬಾ. ಪುಸ್ತಕ ನಾನು ತರ್ತೀನಿ.”