ಕೈಗೆ ಬಂದ ನಡುಕ

ಮಾಘಮಾಸದ ಮುಂಜಾವು. ಪಶ್ಚಿಮಕ್ಕೆ ಮುಖಮಾಡಿ ನಿಂತ ಹಾವೇರಿಯ ಸಿದ್ಧೇಶ್ವರ ದೇಗುಲದ ಬೆನ್ನಿಗೆ ಎಳೆಬಿಸಿಲು ತಾಗುವ ಹೊತ್ತು. ರೈತರ ಮನೆಯ ತರುಣನೊಬ್ಬ ತನ್ನ ಮೋಟಾರ್ ಸೈಕಲ್ಲನ್ನೇರಿ ಹೊರಡುತ್ತಾನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ವಿಚಾರಿಸಬೇಕು. ಅಲ್ಲಿಂದ ರಾಣೆಬೆನ್ನೂರಿಗೆ ಹೋಗಿ ಬಿತ್ತನೆಯ ಬೀಜ ತರಬೇಕು. ವಾಹನ ಮಣ್ಣುದಾರಿಗೆಂದೇ ನಿರ್ಮಿತವಾದುದು: ಎತ್ತರದ ಮೈ, ಕಡ್ಡಿಗಳ ಗಾಲಿ, ದಪ್ಪ ಹಲ್ಲಿನ ಟೈರು. ಎರೆಹೊಲದ ಹಾದಿಯಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಆದರೆ ಕೆಲವು ದಿನಗಳಿಂದ ಅದರ ಹ್ಯಾಂಡಲ್ ನಡುಗುತ್ತಿದೆ. ಅರ್ಧ ಗಂಟೆಯ ಸವಾರಿಗೆ ಅಂಗೈ ಜೋಮು ಹಿಡಿಯುತ್ತದೆ. ಬ್ರೇಕೂ ಕ್ಲಚ್ಚೂ ಬೆರಳ ತುದಿಯಲ್ಲಿರುವಾಗ ಜೋಮು ಹಿಡಿದ ಕೈಯನ್ನು ನಂಬುವುದೆಂತು?

ಊರು ದಾಟಿದೊಡನೆ ಪುಣೆ–ಬೆಂಗಳೂರು ಹೆದ್ದಾರಿ. ಹೊಲದ ಹಾದಿ ಮರೆಮಾಚಿದ ದೋಷವನ್ನು ನುಣುಪಾದ ಡಾಂಬರು ಹೊರಗೆಡಹುತ್ತದೆ. ದಪ್ಪ ಹಲ್ಲಿನ ಟೈರು ಡಾಂಬರಿನ ಮೇಲೆ ಗುಂಯ್‌ಗುಡುವುದು ಸಹಜ. ಒಂಟಿ ಸಿಲಿಂಡರಿನ ಎಂಜಿನ್ ಅಲ್ಪಸ್ವಲ್ಪ ಅದುರುವುದೂ ಸಹಜ. ಆದರೆ ಈ ನಡುಕ ಹೊಸದು. ಗಂಟೆಗೆ 60 ಕಿಲೋಮೀಟರ್ ದಾಟುತ್ತಲೇ ಅದು ತಲೆದೋರುತ್ತದೆ. ಹಿಂದೆ ಮುಂದೆ ವಾಹನಗಳಿಲ್ಲದ ನೇರ ದಾರಿಯಲ್ಲಿ ತರುಣ ಕ್ಲಚ್ಚನ್ನು ಹಿಡಿದು ಎಂಜಿನ್ನಿನ ವೇಗ ಇಳಿಸುತ್ತಾನೆ. ಎಂಜಿನ್ ಸುಮ್ಮನಾದರೂ ಕೈಯ ನಡುಕ ನಿಲ್ಲುವುದಿಲ್ಲ. ನಿಂತಿದ್ದರೆ ಎಂಜಿನ್ನನ್ನೋ, ಅದನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳನ್ನೋ ಸಂದೇಹಿಸಬೇಕಾಗುತ್ತಿತ್ತು. ಈಗ ಸಂದೇಹ ಗಾಲಿಯ ಕಡೆಗೆ ಹೊರಳುತ್ತದೆ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟರೆ ಬ್ಯಾಡಗಿ ಸಮೀಪ. ಸುಗ್ಗಿಯ ಕಾಲದಲ್ಲಿ ಘಾಟು ಊರಿಗಿಂತ ಮೊದಲೇ ಎದುರುಗೊಳ್ಳುತ್ತದೆ. ಸುಕ್ಕುಗಟ್ಟಿದ ಸಿಪ್ಪೆಯ ಈ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದ ಹೆಸರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಕೆಂಪು ರಾಶಿಗಳ ನಡುವೆ ಧಾರಣೆ ವಿಚಾರಿಸಿದ ತರುಣ ಗ್ಯಾರೇಜೊಂದರ ಮುಂದೆ ನಿಲ್ಲುತ್ತಾನೆ.

"ಅಣ್ಣಾ, ಕೋನ್‌ಸೆಟ್ ಹೋಗೇತಿ ಅನಸ್ತೈತಿ. ಬದಲಿ ಮಾಡ್ರಿ."

"ಸಾಮಾನು ಆಮ್ಯಾಲೆ ಬದಲಿ ಮಾಡೂಣು ತಮ್ಮಾ. ಮೊದಲ ಯಾವಾಗ ನಡಗತೈತಿ ಹೇಳು."

ಮೇಸ್ತ್ರಿ ವಾಹನಕ್ಕೆ ಆಸರೆ ಕೊಟ್ಟು ಮುಂಗಾಲಿಯನ್ನು ನೆಲದಿಂದ ಎತ್ತುತ್ತಾನೆ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸುತ್ತಾನೆ. ಕೋನ್‌ಸೆಟ್ ಸವೆದಿದ್ದರೆ ನಡುವೆ ಎಲ್ಲೋ ತಡೆದಂತಾಗಬೇಕು, ಅದಿಲ್ಲ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಜಗ್ಗುತ್ತಾನೆ. ಸಡಿಲವಿದ್ದರೆ ಟಕ್ಕೆನ್ನಬೇಕು, ಅದೂ ಇಲ್ಲ. ಬಳಿಕ ಗಾಲಿಯನ್ನು ತಿರುಗಿಸಿ ರಿಮ್ಮಿನ ಪಕ್ಕಕ್ಕೆ ಸ್ಕ್ರೂಡ್ರೈವರಿನ ತುದಿ ಹಿಡಿದಾಗ, ರಿಮ್ಮು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯುತ್ತದೆ. ಪಾನಿನಿಂದ ಕಡ್ಡಿಗಳನ್ನು ಒಂದೊಂದಾಗಿ ಬಡಿಯುತ್ತಾನೆ. ಬಿಗಿಯಾದವು ತಂತಿಯಂತೆ ನಾದಗೈಯುತ್ತವೆ. ಮೂರು ಮಾತ್ರ ಮಂಕಾಗಿ ನುಡಿಯುತ್ತವೆ.

ಕಾರಣ ಸರಳ. ಕಲ್ಲುಹಾದಿಯ ಪೆಟ್ಟಿಗೆ ಕಡ್ಡಿಗಳು ಸಡಿಲಗೊಂಡಿವೆ. ಸಡಿಲಗೊಂಡವುಗಳ ಹೊರೆಯನ್ನು ಮಿಕ್ಕವು ಹೊರಬೇಕು. ಹಾಗೆಯೇ ಬಿಟ್ಟರೆ ಒಂದೊಂದಾಗಿ ಮುರಿದು ಗಾಲಿಯೇ ಕೈಕೊಟ್ಟೀತು. ಮಣ್ಣಿನ ಹಿಡಿತಕ್ಕೆಂದು ಟೈರಿನಿಂದ ಬಿಟ್ಟ ಗಾಳಿಯನ್ನು ಮತ್ತೆ ತುಂಬಿಸಿಯೂ ಇರಲಿಲ್ಲ. ಮೇಸ್ತ್ರಿ ಕಡ್ಡಿಗಳನ್ನು ತುಸುತುಸುವೇ ಬಿಗಿದು, ಪ್ರತಿಸಲವೂ ಗಾಲಿ ತಿರುಗಿಸಿ ಓರೆ ತೆಗೆಯುತ್ತಾನೆ, ಗಾಳಿ ತುಂಬುತ್ತಾನೆ. ಹೊಸ ಸಾಮಾನಿನ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಮರಳಿ ಹೆದ್ದಾರಿ. 60 ದಾಟಿತು, 65 ಆಯಿತು. ಕೈಯಲ್ಲಿ ಎಂಜಿನ್ನಿನ ಸಣ್ಣ ಮಿಡಿತ ಮಾತ್ರ. ರಾಣೆಬೆನ್ನೂರಿನ ಬಳಿಯ ಕುರುಚಲು ಕಾಡು ಕೃಷ್ಣಮೃಗಗಳ ಅಭಯಾರಣ್ಯ, 1974ರಲ್ಲಿ ಸ್ಥಾಪನೆಯಾದುದು. ಅಲ್ಲಿನ ಮಣ್ಣುಹಾದಿ ಇಂಥ ವಾಹನವನ್ನು ಕರೆದರೂ ಅದು ಜಿಂಕೆಗಳ ಹಾದಿ. ತರುಣ ನೇರವಾಗಿ ಪೇಟೆಗೆ ಸಾಗುತ್ತಾನೆ.

ಬೀಜದ ಅಂಗಡಿಯಾತ ಮಾದರಿಗೆಂದು ನಾಲ್ಕು ಕಾಳನ್ನು ಅವನ ಅಂಗೈಗೆ ಹಾಕುತ್ತಾನೆ. ಹಿಂದಿನ ವಾರ ಇದೇ ದಾರಿ ಬಂದಾಗ ಜೋಮಿನಲ್ಲಿ ಅವು ಇದ್ದದ್ದೂ ತಿಳಿಯುತ್ತಿರಲಿಲ್ಲ. ಇಂದು ತರುಣ ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿ, ಗಟ್ಟಿಯಿದೆಯೆಂದು ತಲೆಯಾಡಿಸುತ್ತಾನೆ.